ದೊಡ್ಡವೆಂಕಟಪ್ಪನವರ ‘ಇರಬೌದು’

ಬಂಗಾರಪೇಟೆಯಿಂದ ಕೋಲಾರಕ್ಕೆ ಹೋಗುವ ದಾರಿಯಲ್ಲಿ ಒಂದು ಖಾಸಗಿ ಚಿಲ್ಲಿಂಗ್ ಸೆಂಟರ್ ಇದೆ. ಸುತ್ತಲಿನ ನಲವತ್ತು ಹಳ್ಳಿಗಳ ಹಾಲು ದಿನಕ್ಕೆ ಎರಡು ಹೊತ್ತು ಅಲ್ಲಿಗೆ ಬಂದು, ತಣ್ಣಗಾಗಿ, ಟ್ಯಾಂಕರ್ ಹತ್ತಿ ಬೆಂಗಳೂರಿನ ಕಡೆ ಹೊರಡುತ್ತದೆ. ಹಾಲನ್ನು ತಣ್ಣಗೆ ಮಾಡುವುದಕ್ಕೆ ಹಿಂಬದಿಯ ಶೆಡ್ಡಿನಲ್ಲಿ ಎರಡು ಅಮೋನಿಯಾ ಕಂಪ್ರೆಸರ್‌ಗಳಿವೆ, ಒಂದು ದೊಡ್ಡದು, ಒಂದು ಚಿಕ್ಕದು. ಅವಕ್ಕೆ ಏನಾದರೂ ಆದರೆ ಕರೆಸುವುದು ದೊಡ್ಡವೆಂಕಟಪ್ಪನವರನ್ನು.

ಅರವತ್ನಾಲ್ಕು ವರ್ಷದ ಆಳು. ಕಾಮಸಮುದ್ರದ ಪಕ್ಕದ ಹಳ್ಳಿಯಲ್ಲಿ ಮನೆ, ಎರಡು ಹಸು, ಒಂದಿಷ್ಟು ರಾಗಿ ಹೊಲ. ಬೆಳಗಿನ ಬಸ್ಸಿಗೆ ಬಂದು ಶೆಡ್ಡಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹಳೆಯ ಮೈನ್ಸ್ ಬೂಟು ಹಾಕಿಕೊಂಡು ಒಳಗೆ ಹೋಗುತ್ತಿದ್ದರು. ಕೆಲಸದಲ್ಲಿ ಯಾರೂ ಹೆಸರಿಡುವ ಹಾಗಿರಲಿಲ್ಲ. ಆದರೆ ಮ್ಯಾನೇಜರ್ ಸುಧಾಕರ್‌ಗೆ ಅವರ ಮೇಲೆ ಒಂದು ದೂರು ಇದ್ದೇ ಇತ್ತು: ಈ ಮನುಷ್ಯ ಯಾವುದನ್ನೂ ಗಟ್ಟಿಯಾಗಿ ಹೇಳುವುದಿಲ್ಲ. ಏನು ಕೆಟ್ಟಿದೆ ಎಂದು ಕೇಳಿದರೆ ಕಂಪ್ರೆಸರಿನ ಸುತ್ತ ಒಂದು ಸುತ್ತು ಹಾಕಿ, ಅಲ್ಲೊಂದು ಇಲ್ಲೊಂದು ಕಡೆ ಅಂಗೈ ಇಟ್ಟು, “ವಾಲ್ವ್ ಇರಬೌದು” ಎನ್ನುತ್ತಿದ್ದರು.

“ಇರಬೌದಾ, ಐತಾ?” ಎಂದು ಸುಧಾಕರ್ ರೇಗುತ್ತಿದ್ದ.

“ಇರಬೌದು ಸಾರ್. ಬಿಚ್ಚಿದ್ರೆ ಗೊತ್ತಾಗ್ತೈತೆ.”

ಈ ಮಾತು ಅವರ ಬಾಯಿಗೆ ಬಂದದ್ದು ಚಿನ್ನದ ಗಣಿಯಾದ ಮೈಸೂರು ಮೈನ್ಸ್‌ನ ಕಂಪ್ರೆಸರ್ ಹೌಸಿನಲ್ಲಿ. ಎಪ್ಪತ್ತೊಂಬತ್ತರಲ್ಲಿ, ಇಪ್ಪತ್ತು ವರ್ಷದವರಾಗಿದ್ದಾಗ, ಅಲ್ಲಿ ಕೂಲಿಯಾಗಿ ಸೇರಿದರು. ನೆಲದಡಿ ಬಂಡೆ ಕೊರೆಯುವ ಡ್ರಿಲ್ಲುಗಳಿಗೆಲ್ಲ ಗಾಳಿ ಕಳಿಸುತ್ತಿದ್ದ ಯಂತ್ರಗಳು ಅವು, ಒಂದೊಂದೂ ಮನೆಯಷ್ಟೆತ್ತರ. ಫಿಟ್ಟರ್ ಆಗಿದ್ದವರು ಆರೋಗ್ಯಸ್ವಾಮಿ, ತಮಿಳರು. ಅವರಿಗೆ ಕನ್ನಡ ಬರುತ್ತಿರಲಿಲ್ಲ, ದೊಡ್ಡವೆಂಕಟಪ್ಪನವರಿಗೆ ಮನೆಯ ತೆಲುಗು, ಕನ್ನಡ ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಆರು ತಿಂಗಳಲ್ಲಿ ತಮಿಳು ಬಂತು. ಅದರ ಜೊತೆಗೆ ಕಬ್ಬಿಣದ ಸರಳಿನ ಒಂದು ತುದಿಯನ್ನು ಬೇರಿಂಗಿನ ಮೇಲೂ ಇನ್ನೊಂದು ತುದಿಯನ್ನು ಕಿವಿಯ ಹಿಂದಿನ ಮೂಳೆಗೂ ಒತ್ತಿ ಒಳಗಿನ ಸದ್ದು ಕೇಳುವ ವಿದ್ಯೆಯೂ ಬಂತು.

ಆರೋಗ್ಯಸ್ವಾಮಿಯವರದು ಒಂದು ಪದ್ಧತಿ. ಸರ್ವಿಸಿಗೆಂದು ಯಂತ್ರ ಬಿಚ್ಚುವ ಮುಂಚೆ ಒಳಗೆ ಏನು ಸವೆದಿರಬಹುದು ಎಂದು ಶಿಷ್ಯನ ಕೈಲಿ ಹೇಳಿಸುವರು. ಆಮೇಲೆ ಬಿಚ್ಚಿ ತೋರಿಸುವರು. ಶುರುವಿನಲ್ಲಿ ದೊಡ್ಡವೆಂಕಟಪ್ಪ ಎದೆ ತಟ್ಟಿ ಹೇಳುತ್ತಿದ್ದರು, ಹತ್ತಕ್ಕೆ ಆರು ಸಲ ತಪ್ಪಾಗುತ್ತಿತ್ತು. “ತೆರಿಯುಂನು ಸೊಲ್ಲಾದೆಡಾ,” ಗೊತ್ತು ಅಂತ ಹೇಳಬೇಡವೋ ಎಂದು ಆರೋಗ್ಯಸ್ವಾಮಿ ನಗುತ್ತಿದ್ದರು. “ಎಷ್ಟು ಗೊತ್ತು ಅಂತ ಹೇಳು. ಯಾಕೆ ಗೊತ್ತು ಅಂತ ಹೇಳು.” ಹಾಗೆ ಹೇಳಿಸಿ, ಬಿಚ್ಚಿ ತೋರಿಸಿ, ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಹತ್ತಕ್ಕೆ ಎಂಟು ಸಲ ಸರಿಹೋಗುತ್ತಿತ್ತು. ಅಷ್ಟು ಹೊತ್ತಿಗೆ ‘ಇರಬೌದು’ ಎನ್ನುವುದು ನಾಲಿಗೆಗೆ ಅಂಟಿಹೋಗಿತ್ತು.

ಎರಡು ಸಾವಿರದ ಒಂದರಲ್ಲಿ ಮೈನ್ಸ್ ಮುಚ್ಚಿತು. ಕಂಪ್ರೆಸರ್ ಹೌಸ್ ನಿಂತ ದಿನ ಕಿವಿಯೊಳಗೆ ಕೊಯ್ಯೆನ್ನುವಂಥ ನಿಶ್ಶಬ್ದವಾಗಿತ್ತು ಎಂದು ಹೆಂಡತಿ ಮುನಿಗಂಗಮ್ಮನಿಗೆ ಹೇಳಿದ್ದರಂತೆ. ನಾಲ್ಕು ದಿನ ಹೊಲ ನೋಡಿಕೊಂಡರು. ಆಮೇಲೆ ಐಸ್ ಫ್ಯಾಕ್ಟರಿ, ಪಂಪುಸೆಟ್ಟು, ಕೊನೆಗೆ ಈ ಚಿಲ್ಲಿಂಗ್ ಸೆಂಟರ್.

ಎರಡು ವರ್ಷದ ಹಿಂದೆ ಸೆಂಟರಿನವರು ದೊಡ್ಡ ಕಂಪ್ರೆಸರಿಗೆ ಸೆನ್ಸರ್‌ಗಳನ್ನು ಹಾಕಿಸಿದರು. ಬಿಸಿ, ಒತ್ತಡ, ಅದುರು ಎಲ್ಲವನ್ನೂ ಅಳೆದು, ಗೋಡೆಯ ಮೇಲಿನ ಒಂದು ಬಿಳಿ ಪೆಟ್ಟಿಗೆ ಆಪರೇಟರ್ ಚಲಪತಿಯ ಫೋನಿಗೆ ಸುದ್ದಿ ಕಳಿಸುತ್ತಿತ್ತು. ‘ದೋಷ ಸಂಭವ, ಶೇಕಡಾ ತೊಂಬತ್ತೊಂದು.’ ಅಷ್ಟೇ. ಯಾವ ದೋಷ, ಯಾಕೆ ಎಂಬುದಿಲ್ಲ. ಮೊದಲ ತಿಂಗಳು ಚಲಪತಿ ಪ್ರತಿ ಸಲವೂ ಓಡಿದ. ಹೋಗಿ ನೋಡಿದರೆ ಕಂಪ್ರೆಸರ್ ತನ್ನ ಪಾಡಿಗೆ ತಾನು ಓಡುತ್ತಿರುತ್ತಿತ್ತು. ಎರಡನೆಯ ತಿಂಗಳು ಫೋನಿನ ಸದ್ದು ಅಡಗಿಸಿಬಿಟ್ಟ. ಮೂರನೆಯ ತಿಂಗಳು ಪೆಟ್ಟಿಗೆ ಮಾಡಿದ ಕಂಪನಿಯವರು ನವ್ಯಳನ್ನು ಕಳಿಸಿದರು.

ನವ್ಯ ಬಂಗಾರಪೇಟೆಯವಳೇ. ಇಪ್ಪತ್ತೇಳು ವರ್ಷ, ಮೆಕ್ಯಾನಿಕಲ್ ಓದಿದವಳು, ವಾರದಲ್ಲಿ ಮೂರು ದಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುತ್ತಿದ್ದಳು. ಬಂದ ದಿನವೇ ಅವಳಿಗೆ ತೊಂದರೆ ಏನೆಂದು ತಿಳಿಯಿತು. ಪೆಟ್ಟಿಗೆ ಕಲಿಯಬೇಕಾದದ್ದು ಹಿಂದಿನ ಕೆಡುಕುಗಳಿಂದ. ಈ ಕಂಪ್ರೆಸರ್ ಕೆಟ್ಟದ್ದೇ ಐದು ವರ್ಷದಲ್ಲಿ ಏಳು ಸಲ. ಏಳು ಸಲದಲ್ಲಿ ಪೆಟ್ಟಿಗೆ ಏನು ಕಲಿತೀತು?

“ಕೆಟ್ಟಾಗ ರಿಪೇರಿ ಮಾಡಿದ್ದು ಯಾರು?” ಎಂದು ಕೇಳಿದಳು.

ಚಲಪತಿ ದೊಡ್ಡವೆಂಕಟಪ್ಪನವರ ಕಡೆ ಬೆರಳು ತೋರಿಸಿದ. ಸುಧಾಕರ್ ನಕ್ಕುಬಿಟ್ಟ. “ಅವರನ್ನ ಕೇಳ್ತೀರಾ? ಅವರದು ಬರೀ ಇರಬೌದು ಮೇಡಂ.”

“ನನಗೆ ಬೇಕಾಗಿರೋದು ಅದೇ ಸಾರ್,” ಎಂದಳು ನವ್ಯ.

ದೊಡ್ಡವೆಂಕಟಪ್ಪನವರಿಗೆ ಇದು ತಮಾಷೆಯೋ ನಿಜವೋ ತಿಳಿಯಲಿಲ್ಲ. ಮಾರನೆಯ ದಿನ ಅವಳು ನೋಟ್‌ಬುಕ್ ಹಿಡಿದು ಶೆಡ್ಡಿನ ಹೊರಗಿನ ಬೆಂಚಿನ ಮೇಲೆ ಕೂತಾಗ ನಿಜವೆಂದು ಗೊತ್ತಾಯಿತು.

“ತಾತ, ಆಯಿಲ್ ಪ್ರೆಶರ್ ಇಳೀತು ಅಂದ್ಕೊಳ್ಳಿ. ಏನಿರಬಹುದು?”

“ಫಿಲ್ಟರ್ ಕಟ್ಟಿರಬೌದು. ಇಲ್ಲಾಂದ್ರೆ ಬೇರಿಂಗ್ ತಿಂದಿರಬೌದು. ಅಮೋನಿಯಾ ಗಾಳಿ ಆಗದೆ ನೀರಾಗೇ ವಾಪಸ್ ಬಂದು ಆಯಿಲ್‌ನಾಗೆ ಬೆರೆತಿರಬೌದು.”

“ನೂರಕ್ಕೆ ಎಷ್ಟೆಷ್ಟು?”

“ಅಂಗೆಲ್ಲ ನಂಬರ್ ಏಳಕ್ಕೆ ಬರಲ್ಲ ಕಣಮ್ಮಣ್ಣಿ. ನಾನೇನ್ ಮಾರ್ಕ್ಸ್ ಕೊಡೋ ಮೇಷ್ಟ್ರಾ?”

ಎರಡು ದಿನ ಹೀಗೇ ಎಳೆದಾಡಿದರು. ಅವಳು ಕೇಳುವುದು, ಇವರು ನುಣುಚಿಕೊಳ್ಳುವುದು. ಮೂರನೆಯ ದಿನ ನವ್ಯ ಮನೆಯಿಂದ ಹುಣಸೆ ಬೀಜ ತಂದಳು. ಹತ್ತು ಬೀಜ ಎಣಿಸಿ ಅವರ ಅಂಗೈಗೆ ಹಾಕಿ, ಬೆಂಚಿನ ಮೇಲೆ ಸೀಮೆಸುಣ್ಣದಿಂದ ಮೂರು ಚೌಕ ಬರೆದಳು. ಫಿಲ್ಟರ್, ಬೇರಿಂಗ್, ಅಮೋನಿಯಾ.

“ನಂಬರ್ ಬೇಡ. ಎಲ್ಲಿ ಎಷ್ಟು ನಂಬಿಕೆ ಇದೆಯೋ ಅಷ್ಟು ಬೀಜ ಇಡಿ.”

ದೊಡ್ಡವೆಂಕಟಪ್ಪ ಬಹಳ ಹೊತ್ತು ಬೀಜಗಳನ್ನು ಅಂಗೈಯಲ್ಲೇ ಆಡಿಸಿದರು. ಫಿಲ್ಟರಿಗೆ ನಾಲ್ಕು ಇಟ್ಟರು. ಬೇರಿಂಗಿಗೆ ಎರಡು, ಅಮೋನಿಯಾಕ್ಕೆ ಎರಡು. ಉಳಿದ ಎರಡನ್ನು ಮುಷ್ಟಿಯಲ್ಲೇ ಹಿಡಿದುಕೊಂಡರು.

“ಅವೆರಡು ಎಲ್ಲಿಗೆ ತಾತ?”

“ಇವು ಎಲ್ಲಿಗೂ ಇಲ್ಲ. ಇವು ನಂಗೆ ಗೊತ್ತಿಲ್ದೇ ಇರೋವು.” ಹೇಳಿ ಸ್ವಲ್ಪ ನಾಚಿಕೊಂಡರು. “ಇಡಲೇಬೇಕಾ?”

“ಬೇಡ, ಬೇಡ,” ಎಂದಳು ನವ್ಯ. ಅವಳ ದನಿ ಏರಿತ್ತು. “ಕೈಯಲ್ಲೇ ಇರಲಿ. ಗೊತ್ತಿಲ್ಲ ಅನ್ನೋದಕ್ಕೂ ನನ್ನ ಲೆಕ್ಕದಲ್ಲಿ ಒಂದು ಜಾಗ ಇದೆ. ಎಷ್ಟೋ ಜನ ಹತ್ತೂ ಇಟ್ಟುಬಿಡ್ತಾರೆ. ಅವರಿಂದಲೇ ನಮಗೆ ಕಷ್ಟ.”

ಅಲ್ಲಿಂದ ಕೆಲಸ ಸರಾಗವಾಯಿತು. ಒಂದು ಲಕ್ಷಣ ಹೇಳಿದರೆ ಹತ್ತು ಬೀಜ ಹಂಚುವುದು, ಎರಡು ಲಕ್ಷಣ ಸೇರಿದರೆ ಮತ್ತೆ ಹಂಚುವುದು, ಪ್ರತಿಯೊಂದಕ್ಕೂ ‘ಯಾಕೆ’ ಎಂದು ಬರೆಸುವುದು. ಎರಡು ತಿಂಗಳಲ್ಲಿ ಎಂಬತ್ತಾರು ಸೂತ್ರಗಳಾದವು. ನವ್ಯ ಅವನ್ನೆಲ್ಲ ಕಂಪ್ಯೂಟರಿಗೆ ಹಾಕಿದಳು. ಈಗ ಪೆಟ್ಟಿಗೆ ಬರೀ ‘ದೋಷ’ ಎನ್ನುತ್ತಿರಲಿಲ್ಲ. ಇಂಥದ್ದಿರಬಹುದು, ಹತ್ತಕ್ಕೆ ಇಷ್ಟು, ಯಾಕೆಂದರೆ ಇದು, ಇದು, ಇದು ಎಂದು ಕನ್ನಡದಲ್ಲೇ ಸಾಲಾಗಿ ಬರೆಯುತ್ತಿತ್ತು. ಸೆನ್ಸರಿಗೆ ಸಿಗದ ಸಂಗತಿಗಳನ್ನು, ಉದಾಹರಣೆಗೆ ಸದ್ದನ್ನು, ನೋಡಿದವರು ಫೋನಿನಲ್ಲಿ ಒತ್ತಿ ಸೇರಿಸಬಹುದಿತ್ತು. ಚಲಪತಿ ಫೋನಿನ ಸದ್ದನ್ನು ಮತ್ತೆ ಬಿಟ್ಟುಕೊಂಡ.

ಮೊದಲನೆಯ ಪರೀಕ್ಷೆ ಮಾರ್ಚಿನಲ್ಲಿ ಬಂತು. ದೊಡ್ಡ ಕಂಪ್ರೆಸರಿನ ಹೆಡ್ ವಿಪರೀತ ಬಿಸಿಯಾಗಿತ್ತು. ದೊಡ್ಡವೆಂಕಟಪ್ಪ ಸರಳು ಹಚ್ಚಿ ಕೇಳಿ, ಎರಡನೆಯ ಸಿಲಿಂಡರಿನಲ್ಲಿ ಟಕಟಕ ಎನ್ನುತ್ತಿದೆ ಎಂದರು. ಚಲಪತಿ ಹಾಗೇ ಒತ್ತಿದ. ವಾಲ್ವ್ ಮುರಿದಿದೆ, ಹತ್ತಕ್ಕೆ ಎಂಟು ಎಂದು ಬಂತು. ಸುಧಾಕರ್‌ಗೆ ಖುಷಿಯೋ ಖುಷಿ. ಕಡೆಗೂ ಒಂದು ಗಟ್ಟಿ ಉತ್ತರ. ಯಂತ್ರ ನಿಲ್ಲಿಸಿ, ಒಳಗಿನ ಅಮೋನಿಯಾ ಹೊರಗೆಳೆದು, ಹೆಡ್ ಬಿಚ್ಚಿದರು. ಐದು ಗಂಟೆಯ ಕೆಲಸ. ವಾಲ್ವ್ ಹೊಸದರ ಹಾಗೆ ಹೊಳೆಯುತ್ತಿತ್ತು.

ಆಮೇಲೆ ಹುಡುಕಿದಾಗ ಸಿಕ್ಕಿದ್ದು, ಅನಿಲ ಒಳಗೆ ಬರುವ ಕಡೆಯ ಜಾಲರಿ ಕಸ ಕಟ್ಟಿತ್ತು. ಅದನ್ನು ತೊಳೆಯಲು ಮುಕ್ಕಾಲು ಗಂಟೆ. ಅಷ್ಟರಲ್ಲಿ ಸಂಜೆಯ ಹಾಲು ಬಂದಿತ್ತು, ಚಿಕ್ಕ ಕಂಪ್ರೆಸರೊಂದಕ್ಕೇ ಅಷ್ಟನ್ನು ತಣಿಸುವ ಶಕ್ತಿಯಿರಲಿಲ್ಲ. ಎಂಟು ಹಳ್ಳಿಯ ಹಾಲನ್ನು ಬೇರೆ ಸೆಂಟರಿಗೆ ತಿರುಗಿಸಬೇಕಾಯಿತು.

“ಮುಂಚೆ ಇರಬೌದು ಅಂತಾನಾದ್ರೂ ಹೇಳ್ತಿದ್ರು,” ಎಂದ ಸುಧಾಕರ್, ಎಲ್ಲರೆದುರಿಗೆ. “ಈಗ ಎಂಟು ಅಂತ ಹೇಳಿ ಕೆಡಿಸ್ತಾರೆ.”

ದೊಡ್ಡವೆಂಕಟಪ್ಪ ಬೂಟು ಕಳಚಿ, ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದರು. ನಾಲ್ಕು ದಿನ ಬರಲಿಲ್ಲ, ಫೋನೂ ಎತ್ತಲಿಲ್ಲ.

ಐದನೆಯ ದಿನ ನವ್ಯ ಕಾಮಸಮುದ್ರದ ಬಸ್ ಹತ್ತಿದಳು. ದೊಡ್ಡವೆಂಕಟಪ್ಪ ಕೊಟ್ಟಿಗೆಯ ಮುಂದೆ ಹಸುಗಳಿಗೆ ಜೋಳದ ಕಡ್ಡಿ ಕತ್ತರಿಸುತ್ತಿದ್ದರು. ಅವಳು ಎಡಗಡೆಯಿಂದ ಬಂದು “ತಾತ” ಎಂದಳು. ತಿರುಗಲಿಲ್ಲ. ಸಿಟ್ಟೆಂದುಕೊಂಡು ಮತ್ತೆ ಕರೆದಳು. ಆಗಲೂ ತಿರುಗಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಮುನಿಗಂಗಮ್ಮ, “ಆ ಕಡೆಯಿಂದ ಕೂಗಿದ್ರೆ ಕೇಳಿಸಲ್ಲ ಕಣಮ್ಮ. ಈ ಕಡೆ ಬಾ,” ಎಂದರು.

ದೊಡ್ಡವೆಂಕಟಪ್ಪ ಹೆಂಡತಿಯ ಕಡೆ ನೋಡಿದ ನೋಟ ಹಸುವಿಗೂ ಅರ್ಥವಾಗುವಂತಿತ್ತು. ನವ್ಯ ಏನೂ ಕೇಳದವಳ ಹಾಗೆ ಜಗಲಿಯ ಮೇಲೆ ಕೂತು, ಚೀಲದಿಂದ ಒಂದು ಕಾಗದ ತೆಗೆದಳು. ಮುನಿಗಂಗಮ್ಮ ಮಜ್ಜಿಗೆ ತಂದುಕೊಟ್ಟರು.

“ಅವತ್ತು ಪೆಟ್ಟಿಗೆ ಮೂರು ಕಾರಣ ಬರೆದಿತ್ತು,” ಎಂದು ಕಾಗದ ಬಿಡಿಸಿದಳು. “ಒಂದು, ಹೆಡ್ ಬಿಸಿ. ಅದು ನಿಜ. ಎರಡು, ಒಳಗೆ ಬರೋ ಕಡೆ ಒತ್ತಡ ಕಮ್ಮಿ. ಅದೂ ನಿಜ, ಅದು ಜಾಲರಿ ಅಂತಲೇ ಹೇಳ್ತಿತ್ತು. ಮೂರು, ಎರಡನೇ ಸಿಲಿಂಡರ್‌ನಲ್ಲಿ ಸದ್ದು. ಈ ಮೂರನೇದು ಜೋರಾಗಿ ಎಳೆದು ಎರಡನೇದನ್ನ ಮುಚ್ಚಿಹಾಕಿದೆ.” ಕಾಗದದಿಂದ ತಲೆ ಎತ್ತಿ ಕೇಳಿದಳು. “ಸದ್ದು ಕೇಳಿಸ್ತಾ ತಾತ?”

ದೊಡ್ಡವೆಂಕಟಪ್ಪ ಕತ್ತಿಯನ್ನು ಕೆಳಗಿಟ್ಟರು. ಇಪ್ಪತ್ತೆರಡು ವರ್ಷ ಕಂಪ್ರೆಸರ್ ಹೌಸಿನ ಗದ್ದಲದಲ್ಲಿ ನಿಂತ ಕಿವಿಗಳು. ಎಡಗಿವಿ ಮೂರು ವರ್ಷದ ಹಿಂದೆಯೇ ಮಂಕಾಗಿತ್ತು, ಬಲಗಿವಿಯಲ್ಲಿ ಆಗಾಗ ಜೀರುಂಡೆ ಕೂಗಿದ ಹಾಗೆ ಒಂದು ಸಣ್ಣ ಕೀರಲು. ಮನೆಯವಳಿಗೊಬ್ಬಳಿಗೇ ಗೊತ್ತು. ಹೊರಗೆ ಹೇಳಿದರೆ ಯಾರು ಕೆಲಸಕ್ಕೆ ಕರೆಯುತ್ತಾರೆ? ಸರಳು ಹಚ್ಚಿ ಸದ್ದು ಕೇಳುವವನು ಎಂದೇ ಅಲ್ಲವೇ ಅವರ ಹೆಸರು ಹೋಗಿದ್ದು?

“ಕೇಳಿಸ್ದಂಗೆ ಇತ್ತು,” ಎಂದರು ಮೆಲ್ಲಗೆ. “ಇಷ್ಟು ಬಿಸಿ ಆದ್ರೆ ಟಕಟಕ ಅನ್ನಬೇಕು, ಅಂತ ತಲೆ ಏಳ್ತಿತ್ತು. ಕಿವಿ ಏನೂ ಏಳಲಿಲ್ಲ. ನಾನು ತಲೆ ಮಾತು ಕಟ್ಕೊಂಡು ಕಿವಿ ಮಾತು ಅಂತ ಏಳ್ಬಿಟ್ಟೆ. ತಪ್ಪು ನಂದೇ ಕಣಮ್ಮಣ್ಣಿ. ಆ ಸದ್ದಿನವೆಲ್ಲ ತೆಗೆದು ಬಿಸಾಕು.”

“ಬಿಸಾಕಲ್ಲ. ಸೂತ್ರ ಸರಿಯಾಗೇ ಇದೆ. ಕೇಳಿದ್ದು ತಪ್ಪು, ಅಷ್ಟೇ.” ಅವಳು ಪೆನ್ನು ತೆಗೆದಳು. “ಹಳೇ ಪೆಟ್ಟಿಗೆ ತೊಂಬತ್ತೊಂದು ಅಂದಾಗ ಎಲ್ಲಿ ತಪ್ಪಾಯ್ತು ಅಂತ ಯಾರಿಗೂ ಗೊತ್ತಾಗ್ತಿರಲಿಲ್ಲ. ನೀವು ಹೇಳಿದ್ದು ತಪ್ಪಿದ್ರೂ, ಈ ಸಾಲಲ್ಲಿ ತಪ್ಪಿದೆ ಅಂತ ಬೆರಳಿಟ್ಟು ತೋರಿಸಬಹುದು. ಸಾಲು ತಿದ್ದಬಹುದು. ಈಗ ಹೇಳಿ, ಸದ್ದು ಅಂತ ನೀವು ಹೇಳಿದಾಗ ಅದನ್ನ ಎಷ್ಟು ನಂಬಲಿ?”

ಇಂಥ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಬೀಜ ಇರಲಿಲ್ಲ, ಬೇಕಾಗಲೂ ಇಲ್ಲ. ದೊಡ್ಡವೆಂಕಟಪ್ಪ ತಲೆ ತಗ್ಗಿಸಿ ಬೆರಳು ಮಡಿಚಿದರು. “ನಂದು ಹತ್ತಕ್ಕೆ ಮೂರು. ಚಲಪತಿ ಕಿವಿ ಚೆನ್ನಾಗೈತೆ, ಅವನು ಇನ್ನೂ ಕಲೀಬೇಕು. ಅವನದು ಐದು.” ಆಮೇಲೆ ತಲೆ ಎತ್ತಿ, ಅಂಗೈ ಚಾಚಿ, “ಕೈ ಮಾತ್ರ ಕಮ್ಮಿ ಮಾಡ್ಬೇಡ. ಬಿಸಿ, ತಣ್ಣಗೆ, ಅದುರೋದು, ಇವನ್ನ ಕೈ ಒಂಬತ್ತಾಣೆ ಸರಿಯಾಗಿ ಏಳ್ತೈತೆ,” ಎಂದರು.

“ಒಂಬತ್ತಾಣೆ ಅಂದ್ರೆ ಹದಿನಾರಕ್ಕೆ ಒಂಬತ್ತು ಅಲ್ವಾ ತಾತ? ಅದು ಅರ್ಧಕ್ಕಿಂತ ಚೂರು ಜಾಸ್ತಿ ಅಷ್ಟೇ.”

“ಹದಿನೈದಾಣೆ ಬರ್ಕೋ ಅಂಗಾದ್ರೆ.” ಆ ವಾರದಲ್ಲಿ ಮೊದಲ ಸಲ ನಕ್ಕರು.

ಸುಧಾಕರ್‌ಗೆ ಕಿವಿಯ ವಿಚಾರ ನೀವೇ ಹೇಳಿ ಎಂದಳು ನವ್ಯ. ಹೇಳಿದರು. ಸುಧಾಕರ್ ಪೇಪರ್ ತಿರುವುತ್ತ, “ನಮ್ಮಪ್ಪನಿಗೂ ಹಿಂಗೇ,” ಎಂದು ಅಲ್ಲಿಗೆ ಬಿಟ್ಟ. ಅಂದಿನಿಂದ ಸರಳು ಹಚ್ಚುವುದು ಚಲಪತಿಯ ಪಾಲಿಗೆ ಬಂತು. ಎಲ್ಲಿ ಹಚ್ಚಬೇಕು, ಏನನ್ನು ಕೇಳಬೇಕು ಎಂದು ಹೇಳಿಕೊಡುವುದು ದೊಡ್ಡವೆಂಕಟಪ್ಪನವರ ಕೆಲಸವಾಯಿತು.

ಎರಡನೆಯ ಪರೀಕ್ಷೆ ಆಗಸ್ಟಿನಲ್ಲಿ. ಬೆಳಗಿನ ಹಾಲು ಇಳಿಯುತ್ತಿತ್ತು. ಫೋನು ಕೂಗಿತು. ಬೇರಿಂಗ್ ಸವೆದಿದೆ, ಹತ್ತಕ್ಕೆ ಏಳು; ಯಾಕೆಂದರೆ ಆಯಿಲ್ ಪ್ರೆಶರ್ ಇಳಿದಿದೆ, ಅದುರು ಹೆಚ್ಚಿದೆ, ಆಯಿಲ್ ಬಿಸಿಯಾಗಿದೆ. ಸುಧಾಕರ್ ತಲೆ ಮೇಲೆ ಕೈಹೊತ್ತ. ಬೇರಿಂಗ್ ಎಂದರೆ ಇಡೀ ಯಂತ್ರ ಬಿಚ್ಚಬೇಕು, ಮೂರು ದಿನದ ಮಾತು.

ಚಲಪತಿ ಕಂಪ್ರೆಸರನ್ನು ನಿಲ್ಲಿಸಿದ. ದೊಡ್ಡವೆಂಕಟಪ್ಪ ಫೋನನ್ನು ದೂರ ಹಿಡಿದು ಮೂರು ಸಾಲನ್ನೂ ಓದಿದರು. ನಿಲ್ಲಿಸುವ ಮುಂಚೆಯೇ ಗೇಜ್ ನೋಡಿದ್ದರು, ಆಯಿಲ್ ಪ್ರೆಶರ್ ನಿಜಕ್ಕೂ ಇಳಿದಿತ್ತು. ಅದುರನ್ನು ತಾವೇ ಕಂಡಿದ್ದರು. ಮೂರನೆಯ ಸಾಲಿಗೆ ಬಂದು, ಬಾಗಿ, ಆಯಿಲ್ ಇರುವ ಕೆಳಭಾಗದ ಮೇಲೆ ಅಂಗೈ ಇಟ್ಟರು. ಇಟ್ಟ ಕೈ ಅಲ್ಲೇ ನಿಂತಿತು.

“ಸಾರ್, ಇಲ್ಲಿ ಕೈ ಮಡಗಿ.”

ಸುಧಾಕರ್ ಇಟ್ಟ. ತಣ್ಣಗೆ ಕೊರೆಯುತ್ತಿತ್ತು. ಹೊರಗಡೆ ನೀರು ಹನಿಗಟ್ಟಿ ಬೆವರಿತ್ತು.

“ಆಯಿಲ್ ಬಿಸಿ ಅಂತೈತೆ ನಿಮ್ ಪೆಟ್ಟಿಗೆ. ಇದು ಬಿಸಿನಾ? ಎಲ್ಲೈತೆ ಆ ಸೆನ್ಸರ್, ಹುಡುಕ್ಲಾ ಚಲಪತಿ.”

ಚಲಪತಿ ವೈರು ಹಿಡಿದುಕೊಂಡು ಹೋದ. ಹಿಂದಿನ ವಾರ ಪೈಪುಗಳಿಗೆ ಬಣ್ಣ ಬಳಿದವರು ಅದನ್ನು ಬಿಚ್ಚಿ, ಮತ್ತೆ ಕಟ್ಟುವಾಗ ಬಿಸಿ ಅನಿಲ ಹೊರಗೆ ಹೋಗುವ ಪೈಪಿಗೆ ಕಟ್ಟಿದ್ದರು. ಅದು ಅಳೆಯುತ್ತಿದ್ದದ್ದು ಆಯಿಲನ್ನಲ್ಲ, ಪೈಪನ್ನು.

ದೊಡ್ಡವೆಂಕಟಪ್ಪ ನವ್ಯಳಿಗೆ ಫೋನು ಮಾಡಿಸಿದರು. ಅವಳು ರೈಲಿನಲ್ಲಿದ್ದಳು, ವೈಟ್‌ಫೀಲ್ಡ್ ದಾಟಿತ್ತು. “ಅಮ್ಮಣ್ಣಿ, ಮೂರನೇ ಸಾಲು ಸುಳ್ಳು. ಅದಕ್ಕೂ ನನ್ನಂಗೆ ಕಿವಿ ಕೆಟ್ಟೈತೆ. ಅದನ್ನ ತೆಗೆದು, ತಣ್ಣಗೈತೆ ಅಂತ ನನ್ನ ಕೈ ಮಾತು ಹಾಕು.”

ಅವಳು ಅಲ್ಲಿಂದಲೇ ತಿದ್ದಿದಳು. ಎರಡು ನಿಮಿಷಕ್ಕೆ ಚಲಪತಿಯ ಫೋನಿನಲ್ಲಿ ಉತ್ತರ ಬದಲಾಯಿತು. ಅಮೋನಿಯಾ ನೀರಾಗಿಯೇ ಹಿಂದಕ್ಕೆ ಬಂದು ಆಯಿಲಿನಲ್ಲಿ ಬೆರೆಯುತ್ತಿದೆ, ಹತ್ತಕ್ಕೆ ಏಳು; ಬೇರಿಂಗ್ ಒಂದು; ಗೊತ್ತಿಲ್ಲ ಎರಡು.

“ಈಗೇನು ಮಾಡೋಣ?” ಎಂದ ಸುಧಾಕರ್. ಈ ಸಲ ಐತಾ ಇಲ್ಲವಾ ಎಂದು ಕೇಳಲಿಲ್ಲ.

“ಏಳು ಅನ್ನೋದನ್ನ ಮೊದಲು ನೋಡಾನ. ಅದಕ್ಕೆ ಬಿಚ್ಚೋ ಕೆಲಸ ಕಮ್ಮಿ. ಅಲ್ಲದಿದ್ರೆ ಬೇರಿಂಗ್ ಎಲ್ಲಿಗೂ ಓಡೋಗಲ್ಲ.”

ಅಮೋನಿಯಾ ಎಷ್ಟು ಬಿಡಬೇಕೆಂದು ಅಳೆಯುವ ವಾಲ್ವ್ ಮುಚ್ಚಿಕೊಳ್ಳದೆ ತೆರೆದೇ ಸಿಕ್ಕಿಬಿದ್ದಿತ್ತು. ಒಳಗೆ ಕೂದಲೆಳೆಯಷ್ಟು ತುಕ್ಕಿನ ಚೂರು. ಬಿಚ್ಚಿ, ತೊಳೆದು, ಕೂಡಿಸಿ, ಆಯಿಲ್ ಬದಲಿಸುವ ಹೊತ್ತಿಗೆ ಹನ್ನೊಂದೂವರೆ. ಅಷ್ಟರವರೆಗೆ ಚಿಕ್ಕ ಕಂಪ್ರೆಸರ್ ಹೇಗೋ ಎಳೆದಿತ್ತು. ಯಂತ್ರ ಶುರುವಾದ ಮೇಲೆ ಚಲಪತಿ ಬೇರಿಂಗಿಗೆ ಸರಳು ಹಚ್ಚಿ ಬಹಳ ಹೊತ್ತು ಕೇಳಿ, “ಏನೂ ಇಲ್ಲ ಅನ್ಸುತ್ತಣ್ಣ,” ಎಂದ. ಹಾಲನ್ನು ಎಲ್ಲಿಗೂ ತಿರುಗಿಸಬೇಕಾಗಲಿಲ್ಲ.

ಸುಧಾಕರ್ ಬಾಯಿಬಿಟ್ಟು ಹೊಗಳುವವನಲ್ಲ. ಆದರೆ ಬಣ್ಣ ಬಳಿಯುವವರು ಮುಂದೆ ಬಂದಾಗ ಸೆನ್ಸರುಗಳನ್ನು ಮುಟ್ಟುವ ಮುಂಚೆ ದೊಡ್ಡವೆಂಕಟಪ್ಪನವರನ್ನು ಕೇಳಬೇಕೆಂದು ಗೋಡೆಗೆ ಚೀಟಿ ಅಂಟಿಸಿದ.

ಮರುವರ್ಷ ದೊಡ್ಡವೆಂಕಟಪ್ಪ ದಿನದ ಕೆಲಸ ಬಿಟ್ಟರು. ಮುನಿಗಂಗಮ್ಮನ ಕಾಟ ತಾಳಲಾರದೆ ಕೋಲಾರದ ಆಸ್ಪತ್ರೆಗೆ ಹೋಗಿ ಕಿವಿಗೆ ಯಂತ್ರ ಹಾಕಿಸಿಕೊಂಡರು. ಶೆಡ್ಡಿನಲ್ಲಿ ಅದು ಬರೀ ಗುಯ್ಯೆನ್ನುತ್ತದೆಂದು ತೆಗೆದಿಡುತ್ತಾರೆ, ಮನೆಯಲ್ಲಿ ಹಾಕಿಕೊಳ್ಳುತ್ತಾರೆ. ಈಗ ಗುರುವಾರಕ್ಕೊಮ್ಮೆ ಸೆಂಟರಿಗೆ ಬರುತ್ತಾರೆ. ಅವರು ಹೇಳಿದ ಸೂತ್ರಗಳು ಇನ್ನೂ ಮೂರು ಸೆಂಟರುಗಳ ಪೆಟ್ಟಿಗೆಯಲ್ಲಿ ಕೂತಿವೆ. ಎಂಬತ್ತಾರು ಇದ್ದದ್ದು ನೂರ ಹನ್ನೆರಡಾಗಿವೆ. ಕೊನೆಯವು ಚಲಪತಿ ಹೇಳಿದವು.

ನೂರ ಹನ್ನೆರಡನೆಯದರ ಮೇಲೆ ಮೊನ್ನೆ ಗುರುವಾರ ಇಬ್ಬರಿಗೂ ವಾದವಾಯಿತು. ಬೆಲ್ಟಿನ ಕಡೆಯಿಂದ ಬರುವ ಒಂದು ಕೀರಲು ಸದ್ದಿಗೆ ಪುಲ್ಲಿ ವಾರೆಯಾಗಿರುವುದೇ ಕಾರಣ, ಹತ್ತಕ್ಕೆ ಆರು ಎಂದು ಚಲಪತಿಯ ಹಟ. ಇಲ್ಲ, ಬೆಲ್ಟು ಸಡಿಲ ಎಂದು ದೊಡ್ಡವೆಂಕಟಪ್ಪ. ನವ್ಯ ಇಬ್ಬರ ಮುಖವನ್ನೂ ನೋಡುತ್ತ ಕೂತಳು.

“ಯಾರದು ಬರ್ಕೊಳ್ಳಲಿ ತಾತ?”

ದೊಡ್ಡವೆಂಕಟಪ್ಪ ಟೀ ಲೋಟ ಕೆಳಗಿಟ್ಟು, “ಇಬ್ರುದೂ ಬರ್ಕೋ,” ಎಂದರು. “ಮುಂದಿನ ಸಲ ಆ ಸದ್ದು ಬಂದಾಗ ಬಿಚ್ಚಿ ನೋಡಾನ.”